ಸೋಮವಾರದ ಉಸಿರು

ಉಸಿರು ಬರುತ್ತಿಲ್ಲ ಎಂದು ನಾನು ಹೇಳಿದೆ. ಆತಂಕ ಎಂದು ಅವನು ಬರೆದುಕೊಂಡ.

ಒಂದು ಸಲದ ಮಾತಲ್ಲ ಇದು. ಹದಿನಾಲ್ಕು ತಿಂಗಳಲ್ಲಿ ಐದು ಸಲ ಹೇಳಿದೆ. ಐದು ಸಲವೂ ಅದನ್ನೇ ಬರೆದುಕೊಂಡ. ಡಾಕ್ಟರ್ ಎಸ್ಕಿಲ್ ಕೆಟ್ಟವನಲ್ಲ. ಮೂವತ್ತು ದಾಟಿದ ಹುಡುಗ. ಕುರ್ಚಿ ತಾನೇ ಎಳೆದು ಕೊಡುತ್ತಿದ್ದ, ಬರೆಯುವಾಗ ಮುಗುಳ್ನಗುತ್ತಿದ್ದ. ಬೈದು ಕಳಿಸಿದ್ದರೆ ನಾನೂ ನಾಲ್ಕು ಬೈದು ಬರುತ್ತಿದ್ದೆ. ನಗುವವನ ಮುಂದೆ ಏನು ಮಾಡುವುದು?

ನನ್ನ ಹೆಸರು ಜೆನೋವೈತೆ. ಜೆನೆ ಅಂದರೆ ಸಾಕು. ಲಿಥುವೇನಿಯಾದವಳು, ಬಿರ್ಜಾಯ್ ಹತ್ತಿರದ ಹಳ್ಳಿ. ವಯಸ್ಸು ನಲವತ್ತಾರು. ನಾರ್ವೆಯ ಉತ್ತರ ತುದಿಯ ಈ ದ್ವೀಪಕ್ಕೆ ಬಂದು ಆರು ವರ್ಷವಾಯಿತು. ಬಂದದ್ದು ಏಡಿ ಕಾರ್ಖಾನೆಗೆ. ಇಲ್ಲಿಗೆ ನಮ್ಮಂಥವರು ಬೇರೆ ಯಾತಕ್ಕೂ ಬರುವುದಿಲ್ಲ.

ಬೆಳಿಗ್ಗೆ ಆರಕ್ಕೆ ಪಾಳಿ. ಗಂಡಸರು ಜೀವಂತ ಏಡಿಯನ್ನು ಕಬ್ಬಿಣದ ಅಂಚಿಗೆ ಬಡಿದು ಎರಡು ಹೋಳು ಮಾಡುತ್ತಾರೆ. ಹೋಳುಗಳು ಕುದಿಯುವ ತೊಟ್ಟಿಗೆ ಬೀಳುತ್ತವೆ. ಅಲ್ಲಿಂದ ಬೆಲ್ಟಿನ ಮೇಲೆ ನಮ್ಮ ಕಡೆ ಬರುತ್ತವೆ. ನಾವು ಹನ್ನೊಂದು ಹೆಂಗಸರು. ತೋಳುದ್ದದ ಕಾಲುಗಳನ್ನು ತಿರುಗುವ ಬ್ರಷ್ಷಿಗೆ ಒತ್ತಿ ಹಿಡಿದು ಚಿಪ್ಪು ಉಜ್ಜುತ್ತೇವೆ. ಕೀಲುಗಳ ಕೊಳೆಯನ್ನು ಪೈಪಿನ ಜೋರು ನೀರಿನಿಂದ ಹಾರಿಸುತ್ತೇವೆ. ನಿಮಿಷಕ್ಕೆ ಎಂಟು ಹೋಳು. ಗಂಟೆ ಹೊಡೆಯುವವರೆಗೆ ತಲೆ ಎತ್ತುವಂತಿಲ್ಲ. ನೀರು ಚಿಪ್ಪಿಗೆ ಬಡಿದು ಮಂಜಾಗುತ್ತದೆ. ತೊಟ್ಟಿಯ ಹಬೆ ಅದಕ್ಕೆ ಸೇರುತ್ತದೆ. ಅದನ್ನೇ ಮೂಗಿಗೆ ಎಳೆದುಕೊಳ್ಳುತ್ತೇವೆ, ಅದನ್ನೇ ನುಂಗುತ್ತೇವೆ. ಬ್ರೆಡ್ಡು ತಿಂದರೂ ಏಡಿ, ಕಾಫಿ ಕುಡಿದರೂ ಏಡಿ.

ತೊಟ್ಟಿಯ ಬಾಯಿಗೆ ಎಲ್ಲರಿಗಿಂತ ಹತ್ತಿರದ ಜಾಗ ನನ್ನದು. ಮೊದಲು ಅಲ್ಲಿ ಸ್ತಾಸೆ ಎಂಬವಳು ನಿಲ್ಲುತ್ತಿದ್ದಳು. ಅವಳಿಗೂ ಎದೆ ಬಿಗಿಯುತ್ತಿತ್ತು. ಅವಳದ್ದೂ ನರದ ತೊಂದರೆ ಎಂದರು. ಎರಡು ವರ್ಷ ಕೆಮ್ಮಿ ಊರಿಗೆ ಹೋದಳು. ಹೋಗುವಾಗ ದೋಣಿ ಹತ್ತುವ ಹಲಗೆಯ ಮೇಲೆ ಎರಡು ಸಲ ಕುಳಿತುಕೊಂಡಳು. ನಾವು ದಡದಲ್ಲಿ ನಿಂತು ನೋಡಿದೆವು. ಮಾರನೆಯ ದಿನ ಅವಳ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ನಾನು ನಿಂತೆ. ಕೇಳಲಿಲ್ಲ.

ಆಗೆಲ್ಲ ನಾವು ಹಾಡುತ್ತಿದ್ದೆವು. ನಮ್ಮ ಕಡೆಯ ಹಾಡು ಒಬ್ಬಳಿಂದ ಆಗುವುದಲ್ಲ. ಒಬ್ಬಳು ಎತ್ತಬೇಕು, ಅವಳು ಮುಗಿಸುವ ಮೊದಲೇ ಇನ್ನೊಬ್ಬಳು ಹಿಡಿದುಕೊಳ್ಳಬೇಕು. ಎತ್ತಿಕೊಡುವವಳು ನಾನು, ಹಿಡಿಯುವವಳು ವಲೇರಿಯಾ. ಅವಳು ಮೊದಲಿನಿಂದಲೂ ನನ್ನ ಪಕ್ಕದಲ್ಲೇ ನಿಲ್ಲುವವಳು, ಬಿಡಾರದಲ್ಲಿ ಪಕ್ಕದ ಕೋಣೆಯವಳು. ತೊಟ್ಟಿಯ ಬಾಯಿಗೆ ಬಂದ ಕೆಲವು ತಿಂಗಳಿಗೆ ಒಂದು ಗುರುವಾರ ಎರಡನೆಯ ಸಾಲಿನಲ್ಲೇ ನನ್ನ ಉಸಿರು ಮುಗಿಯಿತು. ವಲೇರಿಯಾ ಬಾಯಿ ತೆರೆದುಕೊಂಡು ಕಾಯುತ್ತಲೇ ಇದ್ದಳು.

"ಏನೇ, ಎತ್ತಿ ನಡುದಾರೀಲಿ ಕೈಬಿಟ್ಟೆ?" ಎಂದಳು.

"ಎದೆ ಹಿಡ್ಕೊಂಡಿದೆ ಕಣೇ."

"ಗಂಡ ಬೇಕು ನಿಂಗೆ, ಮತ್ತೇನಿಲ್ಲ."

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ನಗುವುದಕ್ಕೂ ಉಸಿರು ಸಾಲಲಿಲ್ಲ.

ಆಮೇಲೆ ಅದು ದಿನವೂ ಬಂತು. ಹತ್ತು ಗಂಟೆಯ ಹೊತ್ತಿಗೆ ಎದೆಗೆ ಯಾರೋ ಹಗ್ಗ ಸುತ್ತಿ ಎಳೆದ ಹಾಗೆ. ಒಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ. ಪಾಳಿ ಮುಗಿದರೆ ಬಿಡಾರದ ಹದಿನಾರು ಮೆಟ್ಟಿಲು ಹತ್ತಲು ಮೂರು ಸಲ ನಿಲ್ಲಬೇಕು. ನಾನು ಬೀಟ್‌ರೂಟಿನ ಚೀಲ ಹೊತ್ತವಳು. ಗಂಡನ ಹೆಣಕ್ಕೆ ಹೆಗಲು ಕೊಟ್ಟವಳು, ಗಂಡಸರು ಸಾಲದಿದ್ದಾಗ.

ಇಲ್ಲಿ ವಾಸನೆಯ ವಿಷಯ ಹೇಳಬೇಕು. ಹೇಳಲು ನಾಚಿಕೆ. ಆದರೆ ನಮ್ಮನ್ನು ಕೊಂದದ್ದು ಆ ನಾಚಿಕೆಯೇ.

ಬಂದ ಹೊಸತರಲ್ಲಿ ಪಾಳಿ ಮುಗಿಸಿ ನಾನೂ ವಲೇರಿಯಾಳೂ ಅದೇ ಮೈಯಲ್ಲಿ ಅಂಗಡಿಗೆ ಹೋಗಿದ್ದೆವು. ಸಾಲಿನಲ್ಲಿ ಮುಂದಿದ್ದ ಹೆಂಗಸು ತನ್ನ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ಮಗು ಮೂಗು ಹಿಡಿದುಕೊಂಡು, "ಅಮ್ಮಾ, ಏಡಿ ಹೆಂಗಸ್ರು" ಎಂದಿತು. ಅಂಗಡಿಯಲ್ಲಿ ಎಲ್ಲರೂ ಮೆಲ್ಲಗೆ ನಕ್ಕರು. ಮಗು ತಾನೇ, ಎಂಬ ನಗು. ವಲೇರಿಯಾ ಬುಟ್ಟಿ ಕೆಳಗಿಟ್ಟು ಹೊರಗೆ ಹೋದಳು. ಅವತ್ತು ಅವಳು ಅತ್ತದ್ದು ನಾನೊಬ್ಬಳೇ ನೋಡಿದ್ದು.

ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ ಹುಟ್ಟಿತು. ಯಾರೂ ಮಾಡಲಿಲ್ಲ, ಎಲ್ಲರೂ ಪಾಲಿಸಿದೆವು. ಏಡಿಯ ಮೈಯಲ್ಲಿ ಗುಡ್ಡದ ಮೇಲಿನ ಪೇಟೆಗೆ ಹತ್ತಬಾರದು. ಶನಿವಾರ, ಭಾನುವಾರ ಕಾರ್ಖಾನೆಗೆ ರಜೆ. ಶನಿವಾರ ಹಳೆಯ ದೋಣಿಮನೆಯಲ್ಲಿ ಕಲ್ಲು ಕಾಯಿಸಿ ಹಬೆಸ್ನಾನ. ಬರ್ಚ್ ಎಲೆಯ ಕಟ್ಟಿನಿಂದ ಒಬ್ಬರ ಬೆನ್ನಿಗೆ ಒಬ್ಬರು ಹೊಡೆದುಕೊಳ್ಳುತ್ತೇವೆ. ಉಪ್ಪು, ಜೇನು, ನಿಂಬೆಹಣ್ಣು ಹಚ್ಚಿ ಉಜ್ಜುತ್ತೇವೆ. ಉಗುರಿನ ಸಂದಿಗೆ ಕಾಫಿ ಚರಟ. ಭಾನುವಾರ ಇನ್ನೊಂದು ಸಲ. ಒಬ್ಬೊಬ್ಬರಿಗೂ ಒಂದೊಂದು ಜೊತೆ ಪೇಟೆ ಬಟ್ಟೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ನಡುವೆ ಸೋಪು ಇಟ್ಟು. ಸೋಮವಾರ ಏಡಿಯ ದೋಣಿ ಬರುವುದು ಮಧ್ಯಾಹ್ನ, ಪಾಳಿಯೂ ಆಮೇಲೆಯೇ. ಹಾಗಾಗಿ ಬ್ಯಾಂಕು, ಅಂಚೆ, ಡಾಕ್ಟರು, ಎಲ್ಲ ಸೋಮವಾರ ಬೆಳಿಗ್ಗೆ.

ಐದು ಸಲವೂ ನಾನು ಎಸ್ಕಿಲ್ ಮುಂದೆ ಕುಳಿತದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ನಿಂಬೆಹಣ್ಣಿನ ಪರಿಮಳ, ನೀಲಿ ರವಿಕೆ, ಬಾಚಿದ ತಲೆ.

ಮೊದಲ ಸಲ ಒಂದು ಕೊಳವೆ ಕೊಟ್ಟು ಊದು ಎಂದ. ಊದಿದೆ. ಅದರ ಮುಳ್ಳು ನಾನೂರ ಮೂವತ್ತಕ್ಕೆ ಹೋಗಿ ನಿಂತಿತು.

"ಭೇಷ್! ಹಾಡುಗಾರ್ತಿ ಎದೆ ಇದು" ಎಂದ.

"ಈಗ ಚೆನ್ನಾಗಿದೆ ಡಾಕ್ಟ್ರೇ. ಅಲ್ಲಿ ಇರಲ್ಲ."

"ಅಲ್ಲಿ ಅಂದ್ರೆ?"

"ಕೆಲಸದಲ್ಲಿ. ಹತ್ತು ಗಂಟೆ ಆದ್ರೆ ಹಿಡ್ಕೊಳ್ಳುತ್ತೆ."

"ಅಲ್ಲಿ ಮೇಸ್ತ್ರಿ ಗಟ್ಟೀನಾ? ಒತ್ತಡ ಜಾಸ್ತೀನಾ?"

"ಮೇಸ್ತ್ರಿ ಅಂದ್ಮೇಲೆ ಗಟ್ಟೀನೇ."

"ರಾತ್ರಿ ನಿದ್ದೆ ಬರುತ್ತಾ? ಮನೆ ಕಡೆ ಯೋಚನೆ? ಗಂಡ?"

"ಗಂಡ ಸತ್ತು ಒಂಬತ್ತು ವರ್ಷ ಆಯ್ತು. ಆಗ ಉಸಿರು ಚೆನ್ನಾಗೇ ಇತ್ತು."

ಅವನು ನಕ್ಕ. ಬರೆದುಕೊಂಡ. ಇಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಾರೆ, ಅದರಲ್ಲಿ ಅವಮಾನವೇನೂ ಇಲ್ಲ. ನನಗೆ ಅದು ಬಾಯಿಗೆ ಬರುವುದಿಲ್ಲ. ನಮ್ಮಲ್ಲಿ ಡಾಕ್ಟರನ್ನು ಹಾಗೆ ಕರೆದರೆ ಅಮ್ಮ ಎದ್ದು ಬಂದು ಬಾರಿಸುತ್ತಾಳೆ. ಅವನು ನೀನು ಅನ್ನುತ್ತಿದ್ದ, ನಾನು ನೀವು ಅನ್ನುತ್ತಿದ್ದೆ.

ರಕ್ತ ನೋಡಿದರು. ಮೂರು ಗಂಟೆ ದೋಣಿಯ ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿ ಹೃದಯ ನೋಡಿದರು, ಎದೆಯ ಫೋಟೋ ತೆಗೆದರು. ಎಲ್ಲವೂ ಸರಿ. ಎರಡು ವಾರ ರಜೆ ಬರೆದುಕೊಟ್ಟ. ನಾಲ್ಕನೆಯ ದಿನಕ್ಕೆ ಉಸಿರು ಸಲೀಸಾಯಿತು. "ನೋಡಿದ್ಯಾ? ವಿಶ್ರಾಂತಿ ಬೇಕಿತ್ತು ಅಷ್ಟೇ" ಎಂದ. ಜುಲೈಯಲ್ಲಿ ಊರಿಗೆ ಹೋದೆ. ಮೂರು ವಾರ ಆಲೂಗಡ್ಡೆಗೆ ಮಣ್ಣು ಏರಿಸಿದೆ, ತಪ್ಪಿಸಿಕೊಂಡ ಹಸುವಿನ ಹಿಂದೆ ಓಡಿದೆ. ಒಂದು ದಿನವೂ ಎದೆ ಹಿಡಿಯಲಿಲ್ಲ. ಬಂದು ಅದನ್ನೂ ಹೇಳಿದೆ. ಇದನ್ನು ಕೇಳಿದ ಮೇಲಾದರೂ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

"ಊರಲ್ಲಿ ಆರಾಮಾಗಿದ್ದೆ. ಇಲ್ಲಿ ಬಂದ್ರೆ ಆಗುತ್ತೆ. ನಿನ್ನನ್ನ ಕಾಡ್ತಿರೋದು ಮನೆ ನೆನಪು, ಜೆನೆ."

ನನ್ನ ಸಾಕ್ಷಿಯನ್ನೇ ತೆಗೆದುಕೊಂಡು ನನ್ನ ಮೇಲೆ ತಿರುಗಿಸಿದ. ವಾದ ಮಾಡಲು ನನಗೆ ಮಾತು ಸಾಲದು. ನಾರ್ವೆಯವರ ಭಾಷೆ ನಾನು ಕಲಿತದ್ದು ಬೆಲ್ಟಿನ ಮುಂದೆ. ಬೇಗ, ಇನ್ನೂ ಬೇಗ, ಕೈ ಜೋಪಾನ. ಇಂಥವು ಚೆನ್ನಾಗಿ ಬರುತ್ತವೆ.

ಮಾತ್ರೆ ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎದೆ ಹಿಡಿದರೆ ತಲೆಗೆ ಮಾತ್ರೆ. ಅದು ಕೈಯನ್ನು ಮಂಕು ಮಾಡಿತು. ಒಂದು ದಿನ ಬ್ರಷ್ಷು ನನ್ನ ಕೈಗವಸಿನ ತುದಿ ಕಚ್ಚಿಕೊಂಡು ಹೋಯಿತು, ಒಳಗೆ ಬೆರಳಿತ್ತು. ಅರ್ಧ ಉಗುರು ಹೋಯಿತು. ಆಮೇಲೆ ವಾರಕ್ಕೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ತರಗತಿ. ಆರು ಜನ ದುಂಡಗೆ ಕುಳಿತು ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಳ್ಳಬೇಕು, ನಾಲ್ಕು ಎಣಿಸುತ್ತ ಬಿಡಬೇಕು, ಇಷ್ಟವಾದ ಜಾಗ ನೆನೆಯಬೇಕು. ನಾನು ಕಣ್ಣು ಮುಚ್ಚಿ ಬೀಟ್‌ರೂಟಿನ ಹೊಲ ನೆನೆದೆ. ಅಲ್ಲಿ ಉಸಿರು ಇತ್ತು. ಅಳು ಬಂತು. ಅಳು ಬಂದದ್ದನ್ನೂ ಬರೆದುಕೊಂಡರು.

ಸಣ್ಣ ಊರು. ಚರ್ಚಿನ ನೆಲಮಾಳಿಗೆಗೆ ಇಳಿಯುವವರು ಯಾರೆಂದು ಎಲ್ಲರಿಗೂ ಗೊತ್ತು. ಮೇಸ್ತ್ರಿ ಸ್ಟೈನಾರ್‌ಗೂ ಗೊತ್ತಾಯಿತು.

"ಜೆನೆಗೆ ಸ್ವಲ್ಪ ಜಾಗ ಬಿಡ್ರಮ್ಮ. ಏಡಿ ಕಂಡ್ರೆ ಹೆದರ್ಕೋತಾಳೆ" ಎಂದು ಸಾಲಿನ ಮುಂದೆ ಕೂಗಿದ.

ವಲೇರಿಯಾ ನನಗೆ ನರದಮ್ಮ ಎಂದು ಹೆಸರಿಟ್ಟಳು. ಬೆಳಿಗ್ಗೆ ಬಂದ ಕೂಡಲೇ, "ನರದಮ್ಮನೋರು ಹೇಗಿದ್ದಾರೆ ಇವತ್ತು?" ಎನ್ನುತ್ತಿದ್ದಳು. ಅವಳಿಗೂ ಕೆಮ್ಮಿತ್ತು. ಗೋಡೆಯಾಚೆ ದಿಂಬಿಗೆ ಬಾಯಿ ಒತ್ತಿ ಕೆಮ್ಮುವುದು ನನಗೆ ಕೇಳುತ್ತಿತ್ತು. ಬೆಳಿಗ್ಗೆ ಎದ್ದು ಸೆಂಟು ಹೊಡೆದುಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಬರುತ್ತಿದ್ದಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸ್ತಾಸೆಯ ಗತಿ, ನನ್ನ ಗತಿ ನೋಡಿದವಳು ಬಾಯಿ ಬಿಡುತ್ತಾಳೆಯೇ?

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕೊನೆಕೊನೆಗೆ ನಾನೇ ನಂಬಿದೆ. ಓದಿದವನು, ಯಂತ್ರ ಇಟ್ಟುಕೊಂಡವನು ಐದು ಸಲ ಹೇಳಿದ ಮೇಲೆ ನನ್ನ ಎದೆಗಿಂತ ಅವನ ಮಾತೇ ನಿಜವಿರಬೇಕು ಎನಿಸಿತು. ಬೆಲ್ಟಿನ ಮುಂದೆ ಬಾಯಿ ತೆರೆದು ಗಾಳಿ ಹುಡುಕುತ್ತ, ಛೇ, ಎಷ್ಟು ಪುಕ್ಕಲಿ ನಾನು, ಎಂದು ನನ್ನನ್ನೇ ಬೈದುಕೊಂಡೆ. ಉಸಿರು ಹೋದದ್ದಕ್ಕಿಂತ ಅದು ದೊಡ್ಡ ಸಂಕಟ. ಅದಕ್ಕೆ ನಾನು ಅವನನ್ನು ಇವತ್ತಿಗೂ ಕ್ಷಮಿಸಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ ಪಾಳಿ ಮುಗಿಸಿ ದಡದ ಕಟ್ಟೆಯ ಮೇಲೆ ಕುಳಿತಿದ್ದೆ. ಬಿಡಾರದವರೆಗೆ ನಡೆಯಲು ಆಗಿರಲಿಲ್ಲ. ಪಕ್ಕದಲ್ಲೇ ತುರ್‌ಲೈಫ್ ಮುದುಕನ ಕೊಟ್ಟಿಗೆ. ದೋಣಿ ಎಂಜಿನ್ನು ರಿಪೇರಿ ಮಾಡುವವನು, ಬಾಯಿ ಜೋರು. ಒಬ್ಬ ದೋಣಿಯವನು ಅವನೊಂದಿಗೆ ಜಗಳಕ್ಕೆ ನಿಂತಿದ್ದ.

"ಮೂರ್ನೇ ಸಲ ತರ್ತಾ ಇದೀನಿ ತಾತ. ಸದ್ದು ಹೋಗಿಲ್ಲ. ಏನು ನೋಡ್ತೀಯೋ ನೀನು!"

"ಸದ್ದು ಯಾವಾಗ ಬರುತ್ತೆ?"

"ನಡುಸಮುದ್ರದಲ್ಲಿ. ಬಲೆ ಎಳೆಯುವಾಗ."

"ನೀನು ತರೋದು ಯಾವಾಗ?"

"ಇನ್ಯಾವಾಗ? ರಜಾ ದಿನ. ತೊಳೆದು, ಎಣ್ಣೆ ಹಾಕಿ ತರ್ತೀನಿ."

"ಅಯ್ಯೋ ಪೆದ್ದೇ! ತೊಳೆದು, ತಣ್ಣಗೆ ಮಾಡಿ ತಂದ್ರೆ ಅದು ನನ್ನ ಮುಂದೆ ಬೆಕ್ಕಿನ ಮರಿ ಹಂಗೆ ಗುರ್ ಅನ್ನುತ್ತೆ. ಬಲೆ ಎಳೆಯುವಾಗ ನನ್ನನ್ನ ಹತ್ತಿಸ್ಕೊಂಡು ಹೋಗು. ಇಲ್ಲಾಂದ್ರೆ ಕೆಮ್ಮೋವಾಗ್ಲೇ ತಗೊಂಡು ಬಾ."

ದೋಣಿಯವನು ಗೊಣಗುತ್ತ ಹೋದ. ನಾನು ಕಟ್ಟೆಯ ಮೇಲೆಯೇ ಇದ್ದೆ. ಎಂಜಿನ್ನಿಗೆ ಇರುವ ನ್ಯಾಯ ನನಗಿಲ್ಲವಲ್ಲ ಎಂದು ಮೊದಲು ಎನಿಸಿತು. ಆಮೇಲೆ ನಿಂಬೆಹಣ್ಣು ನೆನಪಾಯಿತು. ಹಬೆಸ್ನಾನ, ನೀಲಿ ರವಿಕೆ, ಎರಡೂವರೆ ದಿನದ ಒಳ್ಳೆ ಗಾಳಿ. ಐದು ಸಲವೂ ನಾನು ನನ್ನ ರೋಗವನ್ನು ಚೆನ್ನಾಗಿ ಉಜ್ಜಿ ತೊಳೆದು, ಬಿಡಾರದಲ್ಲಿ ಬಿಟ್ಟು, ಎದೆಯನ್ನು ಮಾತ್ರ ಅವನ ಮುಂದೆ ಒಯ್ದಿದ್ದೆ. ಆ ಮಗು ಮೂಗು ಹಿಡಿದುಕೊಂಡದ್ದಕ್ಕೆ.

ತಪ್ಪು ನನ್ನದೊಂದೇ ಅಲ್ಲ. ನಾನು ಹತ್ತು ಗಂಟೆ ಎಂದಿದ್ದೆ, ಕೆಲಸದಲ್ಲಿ ಎಂದಿದ್ದೆ. ಅವನ ಕಿಟಕಿಯಿಂದ ಕಾರ್ಖಾನೆಯ ಹಬೆ ಕಾಣುತ್ತದೆ.

ಮಾರನೆಯ ದಿನ ಬುಧವಾರ. ಎರಡು ದೋಣಿ ಒಟ್ಟಿಗೆ ಬಂದಿದ್ದವು. ಸ್ಟೈನಾರ್ ಬೆಲ್ಟಿನ ವೇಗ ಏರಿಸಿದ. ನಿಮಿಷಕ್ಕೆ ಹತ್ತು ಹೋಳು. ಒಂಬತ್ತೂವರೆಗೇ ಹಗ್ಗ ಬಿಗಿಯಿತು. ಹತ್ತಕ್ಕೆ ಕಣ್ಣು ಕತ್ತಲಿಟ್ಟಿತು. ಹೋಳು ಕೈಯಿಂದ ಜಾರಿತು. ನಾನು ಬೆಲ್ಟು ಹಿಡಿದುಕೊಂಡೆ.

"ಮಾತ್ರೆ ತಗೊಂಡ್ಯಾ?" ಸ್ಟೈನಾರ್ ಕೂಗಿದ.

ತಲೆ ಅಲ್ಲಾಡಿಸಿದೆ.

"ಹೋಗಿ ಕೂತ್ಕೊಂಡು ನಾಲ್ಕು ಎಣಿಸು. ಹತ್ತು ನಿಮಿಷ. ಜಾಸ್ತಿ ಬೇಡ, ಎರಡು ದೋಣಿ ಮಾಲು ಇದೆ."

ಬಾಗಿಲ ಬಳಿ ತೊಳೆದುಕೊಳ್ಳುವ ಜಾಗ. ಹೊರಗೆ ಹೋಗುವವರು ಅಲ್ಲಿ ಏಪ್ರನ್ನಿಗೆ ನೀರು ಹೊಡೆದು, ಗಂಬೂಟು ಕಳಚಿ ಹೋಗಬೇಕು. ಅವತ್ತು ಅಲ್ಲಿ ಪೈಪು ಹಿಡಿಯುವ ಸರದಿ ವಲೇರಿಯಾಳದು. ನಾನು ಅವಳನ್ನು ದಾಟಿ ಬಾಗಿಲಿಗೆ ಕೈ ಹಾಕಿದೆ.

"ಏಯ್, ತೊಳ್ಕೊಳ್ಳೇ. ಈ ವೇಷದಲ್ಲಿ ಎಲ್ಲಿಗೆ?"

"ಡಾಕ್ಟ್ರ... ಹತ್ರ."

"ಹೀಗೇನಾ? ತಲೆ ನೆಟ್ಟಗಿದ್ಯಾ? ಮೈಯೆಲ್ಲ ಏಡಿ ಕರುಳು!"

"ತೊಳ್ಕೊಂಡ್ರೆ... ಹೋಗುತ್ತೆ."

"ಏನು ಹೋಗುತ್ತೆ?"

ಹೇಳುವಷ್ಟು ಉಸಿರಿರಲಿಲ್ಲ. ಎದೆ ಮುಟ್ಟಿ ತೋರಿಸಿದೆ.

"ನಿನ್ನೊಬ್ಬಳನ್ನ ನೋಡಿ ನಗಲ್ಲ ಕಣೇ ಅವರು, ನಮ್ಮನ್ನೆಲ್ಲ ಸೇರಿಸಿ ನಗ್ತಾರೆ! ಮಾನ ತೆಗೀಬೇಡ, ಜೆನೆ!"

"ನಗ್ಲಿ" ಎಂದೆ.

ಗುಡ್ಡಕ್ಕೆ ನೂರಿಪ್ಪತ್ತು ಮೆಟ್ಟಿಲು. ಆರು ಹತ್ತುವುದು, ನಿಲ್ಲುವುದು. ಕಂಬಿ ಹಿಡಿದು ಬಗ್ಗುವುದು. ಮತ್ತೆ ಆರು. ಹಾರಿ ಅಂಟಿದ ಚಿಪ್ಪಿನ ಚೂರು ಕತ್ತಿನಿಂದ ಒಳಗೆ ಇಳಿದು ಚುಚ್ಚುತ್ತಿತ್ತು. ಎದೆಯೊಳಗೆ ಕೆಟ್ಟ ಪೀಪಿ ಊದಿದ ಹಾಗೆ ಸದ್ದು. ಅಂಗಡಿಯ ಮುಂದೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಳು ಮೂಗಿಗೆ ಶಾಲು ಒತ್ತಿಕೊಂಡಳು. ಆರು ವರ್ಷ ಯಾವುದಕ್ಕೆ ಹೆದರಿ ಬದುಕಿದ್ದೆನೋ ಅದು ಆಗಿ ಹೋಯಿತು. ಏನೂ ಅನಿಸಲಿಲ್ಲ. ಅನಿಸುವುದಕ್ಕೂ ಉಸಿರು ಬೇಕು.

ಕ್ಲಿನಿಕ್ಕಿನ ಬಾಗಿಲಲ್ಲಿ ಬೂಟಿಗೆ ಹಾಕುವ ನೀಲಿ ಪ್ಲಾಸ್ಟಿಕ್ ಚೀಲಗಳ ಬುಟ್ಟಿ ಇರುತ್ತದೆ. ಪ್ರತಿ ಸಲ ಮರೆಯದೆ ಹಾಕಿಕೊಳ್ಳುತ್ತಿದ್ದವಳು ನಾನು. ಅವತ್ತು ಬಗ್ಗಿದ್ದರೆ ಏಳುತ್ತಿರಲಿಲ್ಲ. ಗಂಬೂಟಿನಲ್ಲೇ ಒಳಗೆ ನಡೆದೆ. ನನ್ನ ಹಿಂದೆ ನೀರಿನ ಗೆರೆ ಬಂತು. ಕಾಯುತ್ತಿದ್ದ ನಾಲ್ವರೂ ನನ್ನ ಕಡೆ ತಿರುಗಿದರು. ಎದುರು ಮೇಜಿನ ಟೂರಿಡ್ ಎದ್ದು ನಿಂತಳು.

"ಜೆನೆ? ನಿಂಗೆ ಟೈಮ್ ಇರೋದು ಸೋಮವಾರ ಅಲ್ವಾ?"

"ಈಗ."

"ಹೀಗೆಲ್ಲ ಒಳಗೆ ಬರಬಾರ್ದಮ್ಮ. ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬಾ. ಇಲ್ಲಿಗೆ ಆಸ್ತಮಾ ಇರೋರು ಬರ್ತಾರೆ, ಈ ವಾಸನೆ ಅವರಿಗೆ ಆಗಲ್ಲ. ಬೋರ್ಡು ನೋಡು."

ಗೋಡೆಯ ಮೇಲೆ ಬೋರ್ಡಿತ್ತು. ಸೆಂಟು, ಕಟುವಾಸನೆ ಇಲ್ಲಿ ಬೇಡ. ಉಸಿರಾಟದ ತೊಂದರೆ ಇರುವವರ ಮೇಲೆ ದಯೆ ಇರಲಿ. ಹದಿನಾಲ್ಕು ತಿಂಗಳು ಆ ಬೋರ್ಡಿನ ಕೆಳಗೆ ಕುಳಿತಿದ್ದೆ. ಪರಿಮಳ ಸೂಸುತ್ತ.

ಬಿಳಿ ಕುರ್ಚಿಯೊಂದಿತ್ತು. ಕುಳಿತೆ. ಏಪ್ರನ್ನಿನಿಂದ ಕಂದು ನೀರು ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಇಳಿಯಿತು.

"ಜೆನೆ, ದಯವಿಟ್ಟು ಏಳು."

"ಏಳಲ್ಲ."

"ಸ್ನಾನ ಮಾಡಿ..."

"ತೊಳ್ಕೊಳ್ಳಲ್ಲ. ಇವತ್ತು... ತೊಳ್ಕೊಳ್ಳಲ್ಲ."

ಸದ್ದಿಗೆ ಎಸ್ಕಿಲ್ ಕೋಣೆಯಿಂದ ಹೊರಗೆ ಬಂದ. ನನ್ನನ್ನು ಕಂಡ ಕೂಡಲೇ ಆ ನಗು ತಂದುಕೊಂಡ. ಮುಂದೆ ಮಂಡಿಯೂರಿ, ಬೆಚ್ಚಗಿನ ಕೈಯನ್ನು ನನ್ನ ಒದ್ದೆ ತೋಳಿನ ಮೇಲೆ ಇಟ್ಟ.

"ಜೆನೆ, ನೀನು ಸುರಕ್ಷಿತವಾಗಿದ್ದೀಯ. ಇದು ಹೋಗುತ್ತೆ. ನನ್ನ ಜೊತೆ ಎಣಿಸು. ಒಂದು, ಎರಡು..."

"ಎಣಿಸಲ್ಲ."

"ಮೂರು..."

ಅವನ ಕೈ ತೆಗೆದು ಪಕ್ಕಕ್ಕೆ ಇಟ್ಟೆ. "ಎಣಿಸಲ್ಲ ಅಂದೆ. ಕೊಳವೆ ತಾ."

ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತನಾಡಿಸಿದ್ದೆ. ಅವನಿಗೆ ಅದು ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅಮ್ಮ ಎದ್ದು ಬರಲಿಲ್ಲ.

ಅವನು ಒಳಗೆ ಕರೆದುಕೊಂಡು ಹೋಗಿ ಕೊಳವೆ ಕೊಟ್ಟ, ಹಟ ಮಾಡುವ ಮಗುವಿಗೆ ಆಟಿಕೆ ಕೊಟ್ಟ ಹಾಗೆ. ಇದ್ದಬದ್ದ ಶಕ್ತಿ ಹಾಕಿ ಊದಿದೆ. ಮುಳ್ಳು ನೂರ ತೊಂಬತ್ತಕ್ಕೆ ನಿಂತಿತು.

ಅವನು ಕೊಳವೆಯನ್ನು ಅಂಗೈಗೆ ಬಡಿದು ನೋಡಿದ. ಕೆಟ್ಟಿದೆ ಎಂದುಕೊಂಡಿರಬೇಕು. ಕಪಾಟಿನಿಂದ ಹೊಸದು ತೆಗೆದ. ಮತ್ತೆ ಊದಿದೆ. ನೂರ ಎಂಬತ್ತು.

ಸ್ಟೆತಸ್ಕೋಪು ತೆಗೆದುಕೊಂಡ. ಏಪ್ರನ್ನಿನ ಗಂಟು ಬಿಚ್ಚಲು ನನ್ನ ಕೈಯಲ್ಲಿ ಆಗಲಿಲ್ಲ, ಅವನೇ ಬಿಚ್ಚಿದ. ಏಡಿಯ ನೀರು ಅವನ ಬಿಳಿ ತೋಳಿಗೆ ಇಳಿಯಿತು.

"ಬಗ್ಗು. ಹತ್ರ ಬಂದು ಕೇಳು" ಎಂದೆ.

ಬಗ್ಗಿದ. ಆ ವಾಸನೆಯೊಳಗೆ ತಲೆ ತಂದು ಕೇಳಿದ. ಎಡಗಡೆ, ಬಲಗಡೆ, ಬೆನ್ನು, ಮತ್ತೆ ಎಡಗಡೆ. ತುಂಬ ಹೊತ್ತು ಕೇಳಿದ. ತಲೆ ಎತ್ತಿದಾಗ ಮುಖದಲ್ಲಿ ನಗು ಇರಲಿಲ್ಲ. ಟೂರಿಡ್‌ಳನ್ನು ಕೂಗಿದ. ಮುಖಕ್ಕೆ ಮುಚ್ಚಳ ಹಾಕಿ ಔಷಧಿಯ ಗಾಳಿ ಬಿಟ್ಟರು. ಇಪ್ಪತ್ತು ನಿಮಿಷಕ್ಕೆ ಹಗ್ಗ ಒಂದೊಂದೇ ಸುತ್ತು ಸಡಿಲವಾಯಿತು. ಗಾಳಿ ಎದೆಯ ತಳ ಮುಟ್ಟಿದಾಗ ನನಗೆ ಅಳು ಬಂತು. ಈ ಸಲ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

"ಆಸ್ತಮಾ ಇದು" ಎಂದ ಎಸ್ಕಿಲ್, ಮೇಜಿನ ಕಡೆ ನೋಡುತ್ತ. "ಏಡಿ ಹಬೆಯಿಂದ ಬಂದಿರ್ಬೇಕು. ಇನ್ನೂ ಪರೀಕ್ಷೆ ಮಾಡಿಸ್ಬೇಕು. ಆದ್ರೆ... ನೀನು ಬಂದಾಗೆಲ್ಲ ಚೆನ್ನಾಗಿದ್ದೆ, ಜೆನೆ."

"ಚೆನ್ನಾಗಿ ಕಾಣ್ಲಿ ಅಂತ ತಾನೇ ತೊಳ್ಕೊಂಡು ಬರ್ತಿದ್ದೆ? ಹತ್ತು ಗಂಟೆಗೆ ಆಗುತ್ತೆ ಅಂತ ಮೊದಲ್ನೇ ದಿನಾನೇ ಹೇಳಿದ್ದೆ. ನೀನು ಗಂಡನ ವಿಷಯ ಕೇಳ್ದೆ."

ಅವನು ಕಿಟಕಿಯ ಕಡೆ ತಿರುಗಿದ.

"ಕೆಳಗಡೆ ಇದೆ ಕಾರ್ಖಾನೆ. ನೂರಿಪ್ಪತ್ತು ಮೆಟ್ಟಿಲು. ಒಂದ್ಸಲ ಇಳಿದು ಬಂದು ನೋಡಬಹುದಿತ್ತು."

"ಹೌದು" ಎಂದ.

"ಆ ಆತಂಕ ಅನ್ನೋದನ್ನ ಅಳಿಸು."

"ಬರೆದಿದ್ದನ್ನ ಅಳಿಸೋಕೆ ಬರಲ್ಲ, ಜೆನೆ. ಕೆಳಗೆ ಹೊಸದಾಗಿ ಸೇರಿಸಬಹುದು."

"ಸೇರಿಸು. ತಪ್ಪಾಗಿತ್ತು ಅಂತ್ಲೂ ಬರಿ. ಸ್ತಾಸೆದಕ್ಕೂ ಬರಿ."

"ಸ್ತಾಸೆ ಊರಿಗೆ ಹೋದಳಲ್ಲ."

"ಕಾಗದ ಇಲ್ಲೇ ಇದೆಯಲ್ಲ."

ಅವನು ಬರೆದ. ಬರೆಯುವ ಸದ್ದು ಕೇಳುತ್ತ ಕುಳಿತೆ. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿಸಿ ಮೆಲ್ಲಗೆ ಹೇಳಿದ, "ಇನ್ಮೇಲೆ ನೀನು ಆ ಹಬೆಗೆ ಹೋಗಬಾರದು. ಒಂದು ದಿನಾನೂ."

ಗೆದ್ದೆ ಎನಿಸಲಿಲ್ಲ. ದಣಿವಾಯಿತು. ಹದಿನಾಲ್ಕು ತಿಂಗಳು ನನ್ನ ಎದೆಯಲ್ಲಿ ರೋಗವಿದೆ ಎಂದು ಒಪ್ಪಿಸಲು ಹೋರಾಡಿದೆ, ಒಪ್ಪಿದ ಗಳಿಗೆಗೆ ಕೆಲಸ ಹೋಯಿತು. ಈ ಕೈಗಳಿಗೆ ಏಡಿ ಉಜ್ಜುವುದು ಬಿಟ್ಟು ಈ ದ್ವೀಪದಲ್ಲಿ ಬೇರೇನು ಕೊಡುತ್ತಾರೆ? ಅವನಲ್ಲಿ ಅದನ್ನು ಕೇಳಲಿಲ್ಲ. ಅದಕ್ಕೆ ಅವನ ಬಳಿ ಕೊಳವೆ ಇಲ್ಲ. ಔಷಧಿಯ ಚಿಕ್ಕ ಪಂಪು ಕೊಟ್ಟ. ಜೇಬಿಗೆ ಹಾಕಿಕೊಂಡು ಎದ್ದೆ. ಏಪ್ರನ್ನನ್ನು ತೋಳಿಗೆ ಹಾಕಿಕೊಂಡು ಬಾಗಿಲು ತೆರೆದೆ.

ಹೊರಗೆ ಕಿಟಕಿಗಳೆಲ್ಲ ತೆರೆದಿದ್ದವು. ಟೂರಿಡ್ ನೆಲ ಒರೆಸಿದ್ದಳು. ಒರೆಸಿದ ನೆಲದ ಮೇಲೆ ಮತ್ತೊಂದು ನೀರಿನ ಗೆರೆ ಬಾಗಿಲಿನಿಂದ ಒಳಗೆ ಬಂದಿತ್ತು. ನಾನು ಕುಳಿತಿದ್ದ ಕುರ್ಚಿಯಲ್ಲಿ ವಲೇರಿಯಾ ಕುಳಿತಿದ್ದಳು. ತಲೆಯ ಬಲೆ ತೆಗೆದಿರಲಿಲ್ಲ. ಏಪ್ರನ್ನು, ಗಂಬೂಟು, ಗಲ್ಲಕ್ಕೆ ಅಂಟಿದ ಚಿಪ್ಪಿನ ಚೂರು. ತುಟಿಯ ಬಣ್ಣದ ಕೆಳಗೆ ತುಟಿ ನೀಲಿಯಾಗಿತ್ತು. ಗುಡ್ಡ ಹತ್ತಿ ಬಂದವಳ ಭುಜಗಳು ಏರಿ ಇಳಿಯುತ್ತಿದ್ದವು. ಎದೆಯೊಳಗಿನ ಸದ್ದು ಬಾಗಿಲವರೆಗೆ ಕೇಳುತ್ತಿತ್ತು. ಎರಡೂ ಕೈ ಮಡಿಲಲ್ಲಿಟ್ಟು, ಯಾರ ಮುಖವನ್ನೂ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು.

ನನ್ನನ್ನು ಕಂಡು, "ಎಷ್ಟು ಬಂತೇ?" ಎಂದಳು.

"ನೂರ ಎಂಬತ್ತು."

ತಲೆಯಾಡಿಸಿದಳು.

ಟೂರಿಡ್ ಅವಳ ಮುಂದೆ ಪುಸ್ತಕ ಹಿಡಿದು ನಿಂತಿದ್ದಳು. ಇವಳದ್ದೂ ಕೆಟ್ಟ ದನಿಯಲ್ಲ. "ಮನೆಗೆ ಹೋಗಿ ಸುಧಾರಿಸ್ಕೊಂಡು ಬರಬಹುದಲ್ಲ ವಲೇರಿಯಾ? ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಟೈಮ್ ಕೊಡ್ತೀನಿ."

ವಲೇರಿಯಾ ಒಂದು ಉಸಿರು ಎಳೆದುಕೊಂಡಳು, ಇನ್ನೊಂದು ಎಳೆದುಕೊಂಡಳು. ಮಾತಿಗೆ ಆಗುವಷ್ಟು ಗಾಳಿ ಕೂಡಿಸಿಕೊಳ್ಳುತ್ತಿದ್ದಳು.

"ಸೋಮವಾರ ನಾವೆಲ್ಲ ಚೆನ್ನಾಗಿರ್ತೀವಿ" ಎಂದಳು. "ಇವತ್ತು ನೋಡಿ."